ದಿನಕ್ಕೆ 500, ಮೊದಲ ಮೂರು ದಿನ ಬಿಟ್ಟು

ಭಾನುವಾರ ಬೆಳಗ್ಗೆ ಮುಂಬೈಯ ಮಾಟುಂಗದಲ್ಲಿ ಇಡ್ಲಿಗೆ ಕ್ಯೂ ನಿಲ್ಲುವುದು ನಮ್ಮ ಮೂವರ ವ್ರತ. ಶೆಟ್ರು, ಧಾರವಾಡದ ಜೋಶಿ ಮಾಸ್ತರು, ಮತ್ತೆ ನಾನು. ಈ ಸಲ ನಾನು ಮುಲುಂಡಿನಿಂದ ಲೋಕಲ್‌ನಲ್ಲಿ ಬಂದೆ. ಅಂಗಿ ನೋಡಿದರೇ ಗೊತ್ತಾಗುತ್ತಿತ್ತು.

"ಕಾರೆಲ್ಲಿ ಮಾರಾಯ್ರೆ?" ಅಂದರು ಶೆಟ್ರು.

"ಗ್ಯಾರೇಜಿನಲ್ಲಿ. ಸೊಸೈಟಿ ಗೇಟಿನ ಕಂಬ ಬಂದು ಗುದ್ದಿತು."

"ಕಂಬ ಬಂತಾ?"

"ಕ್ಲೇಮ್ ಫಾರ್ಮಿನಲ್ಲಿ ನಾನೇ ಹೋದೆ ಅಂತ ಬರೆದಿದ್ದೇನೆ. ಇಲ್ಲಾದರೂ ಕಂಬವೇ ಬರಲಿ ಬಿಡಿ."

ಬಂಪರ್, ರೇಡಿಯೇಟರ್, ಒಂದು ಹೆಡ್‌ಲೈಟ್ ಹೋಗಿತ್ತು. ಹೆಡ್‌ಲೈಟ್ ಸ್ಟಾಕಿಲ್ಲ ಅಂತ ಅವತ್ತಿಗೆ ಹನ್ನೊಂದು ದಿನ.

"ಹನ್ನೊಂದು ದಿನಾ ಅಂದ್ರ ಸೂತಕಾನ ಕಳೀತಲ್ರೀ," ಅಂದರು ಮಾಸ್ತರು.

ಶೆಟ್ರಿಗೆ ಬೇರೆಯದೇ ಆಶ್ಚರ್ಯ. "ರಿಪೇರಿ ಮುಗಿಯುವವರೆಗೆ ಇನ್ಶೂರೆನ್ಸಿನವರು ಬೇರೆ ಕಾರು ಕೊಡುವುದಿಲ್ವಾ? ನ್ಯೂಜೆರ್ಸಿಯಲ್ಲಿ ನನ್ನ ಅಳಿಯನಿಗೆ ಕೊಟ್ಟರು."

ಮಾಸ್ತರು ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದುವವರು. "ಅಲ್ಲೂ ಪುಕ್ಕಟೆ ಅಲ್ರೀ ಶೆಟ್ರ. ರೆಂಟಲ್ ರಿಇಂಬರ್ಸ್‌ಮೆಂಟ್ ಅಂತ ಬ್ಯಾರೆ ರೊಕ್ಕ ಕಟ್ಟಿ ತಗೋಬೇಕು. ದಿನಕ್ಕ ಇಷ್ಟು ಡಾಲರ್, ಒಟ್ಟು ಇಷ್ಟು ಅಂತ ಮಿತಿ ಇರತದ. ಸುಮ್ನ ಸರ್ವಿಸಿಂಗಿಗೆ ಬಿಟ್ರ ಇಲ್ಲ. ಎದುರಿನವನ ತಪ್ಪಿದ್ರ ಅವನ ಇನ್ಶೂರೆನ್ಸಿನಿಂದ ಬಾಡಿಗಿ ಕೇಳಬಹುದು."

"ತಪ್ಪು ಅಳಿಯನದ್ದೇ."

"ಹಂಗಾದ್ರ ನಿಮ್ಮ ಮಗಳು ಶಾಣ್ಯಾಕಿ. ಮೊದಲ ಕಟ್ಟಿಟ್ಟಾಳ."

ನಮ್ಮಲ್ಲಿ ಬರೀ ಮಾಮೂಲಿ ಪಾಲಿಸಿ ಇದ್ದರೆ ಬಾಡಿಗೆ ಕಾರಿನ ಮಾತೇ ಇಲ್ಲ. ಬೇರೆ ದುಡ್ಡು ಕಟ್ಟಿದರೆ ಪಾಲಿಸಿಗೆ ಡೈಲಿ ಅಲೋವೆನ್ಸ್ ಅಂತ ಆಡ್-ಆನ್ ಸಿಗುತ್ತದೆ. ನಾನು ಅದನ್ನು ಹಾಕಿಸಿದ್ದೆ. ಹಾಕಿಸಿದ ಧೈರ್ಯದಲ್ಲಿ, ಕಂಬ ಗುದ್ದಿದ ದಿನ ಸಾಯಂಕಾಲ ಹೆಲ್ಪ್‌ಲೈನಿಗೆ ಫೋನ್ ಮಾಡಿ, "ಕಾರು ಎಷ್ಟು ಹೊತ್ತಿಗೆ ಕಳಿಸ್ತೀರಿ? ಬಿಳಿ ಬಣ್ಣದ್ದಾದರೆ ಒಳ್ಳೆಯದು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಸರ್, ಕಾರಲ್ಲ, ಭತ್ಯೆ. ದಿನಕ್ಕೆ 500. ಮೊದಲ ಮೂರು ದಿನ ಬಿಟ್ಟು, ಹೆಚ್ಚೆಂದರೆ 10 ದಿನ."

"ಮೂರು ದಿನ ಯಾಕೆ ಬಿಟ್ಟು?" ಶೆಟ್ರು ಸಿಟ್ಟಾದರು, ಅವರದೇ ದುಡ್ಡು ಹೋದ ಹಾಗೆ.

"ಸಣ್ಣ ಗೀರಿಗೆಲ್ಲ ಕೇಳಬಾರದು ಅಂತ. ಆದರೆ ನಾನು ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಗೊಂಡಿದ್ದು ಸರಿಯಾಗಿ ಆ ಮೂರೇ ದಿನ. ದಿನಕ್ಕೆ 2,400."

ಅದರದ್ದೇ ಒಂದು ಪುರಾಣ. ಆ ಕಾರುಗಳಿಗೆ ಕಪ್ಪು ನಂಬರ್ ಪ್ಲೇಟು, ಹಳದಿ ಅಕ್ಷರ. ಎಂಟು ವರ್ಷದಿಂದ ಸಲಾಮು ಹೊಡೆಯುವ ವಾಚ್‌ಮನ್ ಪ್ಲೇಟು ನೋಡಿದ, ನನ್ನ ಮುಖ ನೋಡಲಿಲ್ಲ. "ಕಿಸ್ ಕೆ ಯಹಾಂ ಜಾನಾ ಹೈ?" ಅಂದ. ರಿಜಿಸ್ಟರ್ ಮುಂದಿಟ್ಟ. ನಾನೂ ಸುಮ್ನೆ ಬರೆದೆ: ಭೇಟಿಯ ಉದ್ದೇಶ, ಊಟ.

ಆ ಗೇಟಿನಲ್ಲಿ ಅದೇ ಕಂಬ. ಹಲ್ಲು ಕಚ್ಚಿಕೊಂಡು ಒಳಗೆ ಬಂದೆ. ನನ್ನ ಪಾಲಿಸಿ ನನ್ನ ಕಾರಿಗೆ ಮಾತ್ರ, ಬಾಡಿಗೆ ಕಾರು ಗೀಚಿದರೆ ಡೆಪಾಸಿಟ್ಟಿನಿಂದ ಮುರಿದುಕೊಳ್ಳುತ್ತಾರೆ ಅಂತ ಅಗ್ರಿಮೆಂಟಿನಲ್ಲೇ ಇತ್ತು.

"ಹಂಗಾದ್ರ ನಾಕನೇ ದಿನದಿಂದ?" ಮಾಸ್ತರು ಲೆಕ್ಕಕ್ಕೆ ಕೂತರು.

"ಲೋಕಲ್. 10 ರೂಪಾಯಿ ಟಿಕೆಟ್."

"ಅದಕ್ಕ 500 ಬರತದ?"

"ಬರುತ್ತದೆ. ನನ್ನ ಪಾಲಿಸಿಯಲ್ಲಿ ಬಿಲ್ ಕೇಳುವುದಿಲ್ಲ. ಅವರ ಲಿಸ್ಟಿನ ಗ್ಯಾರೇಜಿನಲ್ಲೇ ಬಿಟ್ಟಿರಬೇಕು, ಕ್ಲೇಮ್ ಪಾಸಾಗಬೇಕು, ಅಷ್ಟೇ. ಎಂಟು ದಿನಕ್ಕೆ 4,000."

ಶೆಟ್ರು ಇಡ್ಲಿ ಕೆಳಗಿಟ್ಟರು. "ಹೆಡ್‌ಲೈಟ್ ಸಿಗದೇ ಇರಲಿ ಮಾರಾಯ್ರೆ! ಇನ್ನೂ ಎರಡು ದಿನ ಎಳೆಯಿರಿ!"

"ನೋ ಕ್ಲೇಮ್ ಬೋನಸ್ ಎಷ್ಟಿತ್ರೀ?" ಅಂದರು ಮಾಸ್ತರು, ಮೆಲ್ಲಗೆ. ಇಂಥ ಪ್ರಶ್ನೆಗೆ ಅವರು ಯಾವಾಗಲೂ ಕಾದಿರುತ್ತಾರೆ.

ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ಆ ರಿಯಾಯಿತಿ 35 ಪರ್ಸೆಂಟ್ ಇತ್ತು. ಮೂರು ವರ್ಷ ಯಾವ ಕಂಬಕ್ಕೂ ಹೋಗದೆ ಕೂಡಿಸಿದ್ದು. ಮುಂದಿನ ರಿನ್ಯೂವಲ್‌ಗೆ ಸೊನ್ನೆ. ಅದನ್ನು ಉಳಿಸುವ ಆಡ್-ಆನ್ ಕೂಡ ಇದೆಯಂತೆ. ಫಾರ್ಮಿನಲ್ಲಿ ಡೈಲಿ ಅಲೋವೆನ್ಸಿನ ಕೆಳಗಿನ ಸಾಲಿನಲ್ಲೇ ಇತ್ತು, ನಾನು ಟಿಕ್ ಮಾಡಿರಲಿಲ್ಲ.

ಕಾಫಿ ಮುಗಿಯಿತು. ಬಿಲ್ಲು ಬಂತು. ಶೆಟ್ರು ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ನಾಲ್ಕು ಸಾವಿರ ಬರುವವರು ನೀವು."

"ಕೊಡುತ್ತೇನೆ," ಅಂದೆ. "ಮೊದಲ ಮೂರು ಕಾಫಿ ಬಿಟ್ಟು."