ಕನ್ನಡಕ್ಕೆ ಎಂಟು ಚುಕ್ಕಿ ಸಾಲುತ್ತಾ? ಹಳೇ ವಿಡಿಯೋ ಗೇಮ್ ಥರದ ಅಕ್ಷರ ಬೇಕು

ಚುಕ್ಕಿಆಟ:
ನಮಸ್ಕಾರ. ಗೇಮ್ ತಯಾರಿಸುವ ಸಾಫ್ಟ್‌ವೇರ್ ಗೋಡಾಟ್ 4ರಲ್ಲಿ ಸಣ್ಣದೊಂದು ಗೇಮ್ ಮಾಡುತ್ತಿದ್ದೇನೆ. ಮರ ಹತ್ತಿ ತೆಂಗಿನಕಾಯಿ ಕೆಡಹುವ ಆಟ. ಚಿತ್ರಗಳೆಲ್ಲ ಚುಕ್ಕಿಯವೇ ಆದ್ದರಿಂದ ಅಕ್ಷರಕ್ಕೂ ಪ್ರೆಸ್ ಸ್ಟಾರ್ಟ್ 2ಪಿ ಫಾಂಟ್ ಹಾಕಿದೆ. ಈಗ ಎರಡು ತೊಂದರೆ. 20 ಸೈಜಿನಲ್ಲಿ ಅಂಕಿಗಳ ಅಂಚು ಮಸುಕಾಗಿ ಕಾಣುತ್ತದೆ. ಇನ್ನೊಂದು, ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. 'ಅಂಕ', 'ಮತ್ತೆ ಆಡು', 'ಆಟ ಮುಗಿಯಿತು' ಅಂತ ಬರೆದರೆ ನೋಟೋ ಫಾಂಟಿನ ನುಣುಪಾದ ಅಕ್ಷರ ಬಂದು ಕೂರುತ್ತದೆ. ನೋಡೋಕೆ ಸ್ವಲ್ಪವೂ ಹೊಂದುವುದಿಲ್ಲ. 8×8 ಚೌಕದಲ್ಲಿ ಕನ್ನಡ ಬಿಡಿಸಿದವರು ಯಾರಾದರೂ ಇದ್ದೀರಾ?

ಹಳೇಕ್ಯಾಸೆಟ್:
ಮಸುಕಿಗೆ ಕಾರಣ ಆ 20. ಈ ಫಾಂಟಿನ ಒಂದೊಂದು ಅಕ್ಷರವೂ 8×8 ಚೌಕದಲ್ಲಿ ಕೂತಿದೆ. 8, 16, 24, 32 ಹೀಗೆ ಇಟ್ಟರೆ ಮಾತ್ರ ಚುಕ್ಕಿ ಚೊಕ್ಕವಾಗಿರುತ್ತದೆ. 20 ಅಂದರೆ ಒಂದು ಚುಕ್ಕಿಗೆ ಎರಡೂವರೆ ಪಿಕ್ಸೆಲ್. ಆ ಅರ್ಧವನ್ನು ಪಾಪ ಅದು ಎಲ್ಲಿ ಇಡಬೇಕು? ಫಾಂಟಿನ ಇಂಪೋರ್ಟ್ ಟ್ಯಾಬಿನಲ್ಲಿ ಅಕ್ಷರದ ಅಂಚು, ಜಾಗ ತಿದ್ದುವ ಆಂಟಿಅಲಿಯಾಸಿಂಗ್, ಹಿಂಟಿಂಗ್, ಸಬ್‌ಪಿಕ್ಸೆಲ್ ಪೊಸಿಷನಿಂಗ್ ಮೂರನ್ನೂ ಆಫ್ ಮಾಡಿ. ಟೆಕ್ಸ್‌ಚರ್ ಫಿಲ್ಟರ್ ನಿಯರೆಸ್ಟ್ ಇರಲಿ, ಆಗ ದೊಡ್ಡದು ಮಾಡಿದರೂ ಚುಕ್ಕಿ ಮಸುಕಾಗುವುದಿಲ್ಲ.

ಇನ್ನೊಂದು ವಿಷಯ, ಸುಮ್ನೆ ಹೇಳುತ್ತಿದ್ದೇನೆ. ಆ ಇಂಗ್ಲಿಷ್ ಅಕ್ಷರಗಳನ್ನು ಹತ್ತಿರದಿಂದ ನೋಡಿ. ನಿಂತ ಗೆರೆ ಎರಡು ಚುಕ್ಕಿ ದಪ್ಪ, ಮಲಗಿದ ಗೆರೆ ಒಂದೇ ಚುಕ್ಕಿ. ಅದು ಚಂದಕ್ಕಲ್ಲ. ಹಳೇ ಡಬ್ಬಾ ಟಿವಿ ಪರದೆಯಲ್ಲಿ ಒಂದೇ ಚುಕ್ಕಿಯ ನಿಂತ ಗೆರೆ ಮಂಕಾಗಿಬಿಡುತ್ತಿತ್ತು. ಗೇಮ್ ಕಂಪನಿ ಅಟಾರಿಯವರ 1976ರ ಕ್ವಿಜ್ ಶೋ ಆಟದಿಂದ ಬಂದ ರೂಪ ಇದು. ಜಪಾನಿನ ನಾಮ್ಕೋ ಕಂಪನಿಯವರು ಅದನ್ನೇ ಎತ್ತಿಕೊಂಡು 1980ರ ಪ್ಯಾಕ್‌ಮ್ಯಾನ್‌ನಲ್ಲೂ ಬಳಸಿದರು. ಒಂದು ಅಕ್ಷರಕ್ಕೆ ಬರೀ 8 ಬೈಟ್ ಸಾಕು.

ಕನ್ನಡದ ಬಗ್ಗೆ ನನಗೆ ಅನುಭವ ಇಲ್ಲ. ಯೂನಿಫಾಂಟ್‌ನಲ್ಲಿ ಕನ್ನಡ ಇದೆ, ನೋಡಿ. ಅದೂ ಚುಕ್ಕಿಯ ಫಾಂಟೇ.

ಬೋರ್ಡ್‌ಅಂಗಡಿ:
ಯೂನಿಫಾಂಟ್‌ನಲ್ಲಿ ಬಿಡಿ ಅಕ್ಷರ ಇವೆ, ಒತ್ತಕ್ಷರ ಕೂಡಿಸುವ ವ್ಯವಸ್ಥೆ ಇಲ್ಲ. 'ಮತ್ತೆ' ಬರೆದರೆ ಬಿಡಿ ಬಿಡಿಯಾಗಿ ನಿಲ್ಲುತ್ತದೆ. ಆ ದಾರಿ ಬಿಡಿ.

ನಾನು ದಾವಣಗೆರೆಯಲ್ಲಿ ಎಲ್‌ಇಡಿ ಬೋರ್ಡ್ ಮಾಡುತ್ತೇನೆ. ಮೆಡಿಕಲ್ ಶಾಪು, ಬೇಕರಿ, ದೇವಸ್ಥಾನ, ಎಲ್ಲಾ ಕಡೆ ಓಡುವ ಕೆಂಪಕ್ಷರ ಇರುತ್ತದಲ್ಲ, ಅದು. ನಾವು ಜಾಸ್ತಿ ಬಳಸುವುದು ಪಿ10 ಪ್ಯಾನೆಲ್. ಅಗಲಕ್ಕೆ 32 ಚುಕ್ಕಿ, ಎತ್ತರಕ್ಕೆ 16. ಹಾಗಾಗಿ ದಿನಾ ಇದೇ ಕೆಲಸ, 16 ಸಾಲಿನೊಳಗೆ ಕನ್ನಡ ಕೂರಿಸುವುದು.

8ರ ಆಸೆ ಬಿಟ್ಟುಬಿಡಿ. ತಲಕಟ್ಟಿಗೆ ಎರಡು ಸಾಲು ಹೋದರೆ ಉಳಿಯುವುದು ಆರು. ಅದರಲ್ಲಿ ಧ ಬರೆಯಿರಿ ನೋಡೋಣ. ಕೆಳಗಿನ ಸಣ್ಣ ಸೀಳಿಗೆ ಜಾಗ ಇರುವುದಿಲ್ಲ, ದ ಆಗಿಬಿಡುತ್ತದೆ. ಭ, ಫ ಕಥೆಯೂ ಅದೇ. ಒತ್ತಂತೂ ಕೇಳಲೇಬೇಡಿ.

ನನ್ನ ಲೆಕ್ಕ ಹೀಗಿದೆ. ಮೇಲಿನ 3 ಸಾಲು ತಲಕಟ್ಟು, ಗುಡಿಸು, ಏತ್ವಕ್ಕೆ. ನಡುವಿನ 8 ಅಕ್ಷರದ ಮೈಗೆ. ಒಂದು ಸಾಲು ಖಾಲಿ. ಕೆಳಗಿನ 4 ಒತ್ತಿಗೆ. ಮೈಗೆ 8 ಅಂದೆನಲ್ಲ, ನಿಮ್ಮ ಫಾಂಟಿನ ಅಂಕಿಯ ಚೌಕವೂ 8 ತಾನೇ? ಅಂಕಿಗಳನ್ನು ಆ ನಡುವಿನ ಪಟ್ಟಿಯಲ್ಲೇ ಇಡಿ. 'ಅಂಕ 0450' ಒಂದೇ ಸಾಲಿನಲ್ಲಿ ಸರಿಯಾಗಿ ಕೂರುತ್ತದೆ.

ಅಗಲದಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ಇಂಗ್ಲಿಷಿನಂತೆ ಎಲ್ಲಕ್ಕೂ ಒಂದೇ ಚೌಕ ಕೊಟ್ಟರೆ ಕನ್ನಡ ಕೆಡುತ್ತದೆ. ರ ಎಂಟರಲ್ಲಿ ಮುಗಿಯುತ್ತದೆ, ಶ್ರೀ ಇಪ್ಪತ್ತು ಚುಕ್ಕಿ ನುಂಗುತ್ತದೆ. ಮೊನ್ನೆ 'ಶ್ರೀ ಆಂಜನೇಯ ಸ್ವಾಮಿ ಪ್ರಸನ್ನ' ಬೋರ್ಡ್ ಬಂತು. ತುಂಗಾ ಫಾಂಟಿನಲ್ಲಿ ಟೈಪ್ ಮಾಡಿ ಸಾಫ್ಟ್‌ವೇರಿಗೇ ಬಿಟ್ಟರೆ ನ್ನದ ಒತ್ತು ಎರಡು ತುಂಡಾಗಿ ಕೆಳಗೆ ಬಿದ್ದಿತ್ತು, ಇರುವೆ ಸಾಲಿನ ಹಾಗೆ. ಕೊನೆಗೆ ಒಂದೊಂದೇ ಚುಕ್ಕಿ ಕೈಯಲ್ಲಿ ಇಟ್ಟು ಸರಿ ಮಾಡಿದೆ. ಅರ್ಚಕರು ರಸ್ತೆ ಆಚೆ ನಿಂತು ಓದಿ ಆಯ್ತು ಅಂದಮೇಲೇ ದುಡ್ಡು ಬಂತು.

ನಿಮ್ಮ ಆಟದಲ್ಲಿ ಇರುವುದೇ ಮೂರು ಸಾಲು ಕನ್ನಡ. ಅದಕ್ಕೆ ಫಾಂಟ್ ಯಾಕೆ? ಚುಕ್ಕಿಚಿತ್ರ ಬಿಡಿಸುವ ಸಾಫ್ಟ್‌ವೇರ್ ಇವೆಯಲ್ಲ, ಪಿಸ್ಕೆಲ್‌ನಲ್ಲೋ ಲಿಬ್ರೆಸ್ಪ್ರೈಟ್‌ನಲ್ಲೋ ಪದಗಳನ್ನೇ ಚಿತ್ರವಾಗಿ ಬಿಡಿಸಿ, ಪಿಎನ್‌ಜಿ ಮಾಡಿ ಹಾಕಿ.

ಚುಕ್ಕಿಆಟ:
ಅಣ್ಣಾ, ತುಂಬಾ ಥ್ಯಾಂಕ್ಸ್. 16 ಮಾಡಿದ ತಕ್ಷಣ ಅಂಕಿ ಸರಿಹೋಯಿತು. 'ಅಂಕ' ಬಿಡಿಸಿದೆ. ಆದರೆ ಎರಡು ಚುಕ್ಕಿ ದಪ್ಪ ಕೊಟ್ಟರೆ ಅಕ್ಷರದ ಹೊಟ್ಟೆಯೆಲ್ಲ ಮುಚ್ಚಿಹೋಗುತ್ತದೆ. ಒಂದೇ ಚುಕ್ಕಿ ಕೊಟ್ಟರೆ ಅಂಕಿ ಪಕ್ಕದಲ್ಲಿ ಸಣಕಲಾಗಿ ಕಾಣುತ್ತದೆ. ಏನು ಮಾಡಲಿ?

ಹಳೇಕ್ಯಾಸೆಟ್:
ಬಲಕ್ಕೆ ಒಂದು ಚುಕ್ಕಿ ಸರಿಸಿ ಗಾಢ ಬಣ್ಣದ ನೆರಳು ಕೊಡಿ. ಹಳೇ ಆಟಗಳಲ್ಲಿ ಇದು ಮಾಮೂಲು.

ಬೋರ್ಡ್‌ಅಂಗಡಿ:
ನೆರಳು ಪರವಾಗಿಲ್ಲ, ಆದರೆ ಹೊಟ್ಟೆಯೊಳಗೆ ಬೀಳದ ಹಾಗೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಅಲ್ಲಲ್ಲಿ ಮಾತ್ರ ದಪ್ಪ ಮಾಡಿ. ಕ ಅಕ್ಷರದ ಅಡ್ಡಗೆರೆ ಒಂದೇ ಚುಕ್ಕಿ ಇರಲಿ, ಎಡ ಬಲದ ಹೊರ ಬಾಗು ಎರಡು ಚುಕ್ಕಿ ಆಗಲಿ. ಒಳಗೆ ಎರಡು ಚುಕ್ಕಿ ಕತ್ತಲೆ ಉಳಿದರೆ ಕಣ್ಣಿಗೆ ಸಾಕು.

ಆಮೇಲೆ 'ಆಟ ಮುಗಿಯಿತು'ವಿನಲ್ಲಿ ಒತ್ತೇ ಇಲ್ಲ, 11 ಸಾಲಿಗೆ ಮುಗಿಯುತ್ತದೆ. 'ಮತ್ತೆ ಆಡು'ಗೆ ಮಾತ್ರ ಕೆಳಗೆ ಜಾಗ ಬೇಕು. ಹಾಗಂತ ಮೊದಲನೆಯದನ್ನು 11ಕ್ಕೆ ಕತ್ತರಿಸಬೇಡಿ. ಎರಡೂ ಚಿತ್ರ 16 ಎತ್ತರವೇ ಇರಲಿ, ಇಲ್ಲದಿದ್ದರೆ ಅಕ್ಕಪಕ್ಕ ಇಟ್ಟಾಗ ಒಂದು ಮೇಲೆ ಒಂದು ಕೆಳಗೆ ಕುಣಿಯುತ್ತವೆ.