ಮುಖ ಬ್ಲರ್ ಮಾಡಿದರೆ ಸಾಕಾ? ಎಡಿಟರ್‌ಗೆ ಒಂದು ಪ್ರಶ್ನೆ

ಪ್ರಶ್ನೆ (ಮಂಡ್ಯದಿಂದ): ನಮಸ್ತೆ ಅಣ್ಣ. ನಾವು ಎಂಟು ಜನ ಲೈಂಗಿಕ ಕಾರ್ಯಕರ್ತೆಯರು ಸೇರಿ ಮೊಬೈಲಿನಲ್ಲೇ ಹದಿನೈದು ನಿಮಿಷದ ಸಿನಿಮಾ ಮಾಡುತ್ತಿದ್ದೇವೆ. ಹಿಂದೆ ಒಂದು ಚಾನೆಲ್‌ನವರು ಬಂದಿದ್ದರು. ಮಗಳ ಓದು, ಚೀಟಿ, ಸಂಘದ ಕೆಲಸ ಅಂತ ಮೂರು ಗಂಟೆ ಮಾತಾಡಿದ್ದೆ. ಹಾಕಿದ್ದು ನಾನು ಅತ್ತ ಒಂದು ನಿಮಿಷ, ಹಿಂದೆ ಶಹನಾಯಿ ಬೇರೆ. ಮುಖ ಬ್ಲರ್ ಮಾಡಿದ್ದರು, ಆದರೂ ದನಿ ಕೇಳಿಯೇ ಬೀದಿಯವರು ಗುರುತು ಹಿಡಿದರು. ಈಗ ನಮ್ಮದನ್ನು ಎಡಿಟ್ ಮಾಡಲು ಒಬ್ಬ ಹುಡುಗ ಒಪ್ಪಿದ್ದಾನೆ. ಏನೇನು ನೋಡಿಕೊಳ್ಳಬೇಕು?

ಉತ್ತರ (ಎಡಿಟರ್, ಮೈಸೂರು): ಅಕ್ಕ, ಆ ಒಂದು ನಿಮಿಷವನ್ನು ಆರಿಸಿದ್ದು ಕ್ಯಾಮೆರಾದವನಲ್ಲ, ನನ್ನಂಥ ಎಡಿಟರ್. ಅದಕ್ಕೇ ಆ ಹುಡುಗನ ಪಕ್ಕ ನಿಮ್ಮಲ್ಲಿ ಇಬ್ಬರು ಕುರ್ಚಿ ಹಾಕಿಕೊಂಡು ಕೂತುಬಿಡಿ. ಅವನಿಗೆ ಕಿರಿಕಿರಿ ಆಗುತ್ತದೆ, ಆಗಲಿ. ಒಪ್ಪಿಗೆಯನ್ನು ಶೂಟಿಂಗ್ ಮುಂಚೆ ಒಂದು ಸಲ, ಜೋಡಿಸಿದ್ದನ್ನು ನೋಡಿದ ಮೇಲೆ ಇನ್ನೊಂದು ಸಲ ಕೇಳಿ. ಯಾರಾದರೂ ತೆಗೆಯಿರಿ ಅಂದರೆ ಕಾರಣ ಕೇಳದೆ ತೆಗೆಯಬೇಕು.

ಕೇರಳದ ನಳಿನಿ ಜಮೀಲಾ ಗೊತ್ತಲ್ವಾ? ಲೈಂಗಿಕ ಕಾರ್ಯಕರ್ತೆ, ಸಾಕ್ಷ್ಯಚಿತ್ರವನ್ನೂ ಮಾಡಿದವರು. 2005ರಲ್ಲಿ ಅವರ ಆತ್ಮಕಥೆ ಬಂತು. ಬೇರೆಯವರು ಬರೆದುಕೊಂಡದ್ದು ತನಗೆ ಸರಿ ಬರಲಿಲ್ಲ ಅಂತ ತಿದ್ದಿದ ಇನ್ನೊಂದು ಆವೃತ್ತಿಯನ್ನೇ ತಂದರು. ಅಚ್ಚಾದ ಮೇಲೂ ಬದಲಾಯಿಸಿದರು ನೋಡಿ, ನಿಮ್ಮದಿನ್ನೂ ಕಂಪ್ಯೂಟರಿನಲ್ಲೇ ಇದೆ.

ಬ್ಲರ್ ಒಂದನ್ನೇ ನಂಬಬೇಡಿ. ಬಳೆ, ಕೈಯ ಹಚ್ಚೆ, ಮನೆ ಬಾಗಿಲು, ಎದುರಿನ ಅಂಗಡಿ ಬೋರ್ಡು ಎಲ್ಲವೂ ಗುರುತು ಹೇಳುತ್ತವೆ. ದನಿಯನ್ನು ಸುಮ್ನೆ ದಪ್ಪ ಮಾಡುವುದೂ ಬೇಡ, ಅದನ್ನು ವಾಪಸ್ ಸರಿಮಾಡಬಹುದು. ಬೇರೆ ಯಾರಿಂದಲಾದರೂ ಅದೇ ಮಾತು ಹೇಳಿಸಿ. ಇಲ್ಲವೇ ಮಹಾರಾಷ್ಟ್ರದ ಸಾಂಗ್ಲಿಯಲ್ಲಿರುವ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ವ್ಯಾಂಪ್‌ನ ಹೆಂಗಸರ ಹಾಗೆ ಮಾಡಿ, ಅವರು ತಮ್ಮ ಬದುಕನ್ನು ನಾಟಕ ಕಟ್ಟಿ ತಾವೇ ಆಡಿದರು. ಪಾತ್ರ ಅಂದಮೇಲೆ ಯಾರ ಕಥೆ ಯಾರದ್ದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಸಿನಿಮಾ ಯಾರ ಹೆಸರಲ್ಲಿ ಇರಬೇಕು ಅಣ್ಣ? ಮತ್ತೆ ಹಾಗೆ ತೋರಿಸುವವರಿಗೆ ಕಾನೂನು ಏನೂ ಇಲ್ವಾ?

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದ್ದು. ನಿರ್ಮಾಪಕರು ನಿಮ್ಮ ಸಂಘ, ಹುಡುಗ ಕೂಲಿಗೆ ಬಂದ ಎಡಿಟರ್ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿಸಿ. ಫುಟೇಜ್ ಪೂರ್ತಿ ನಿಮ್ಮ ಹಾರ್ಡ್‌ಡಿಸ್ಕಿಗೆ ಬರಲಿ, ಅವನ ಕಂಪ್ಯೂಟರಿನಿಂದ ನಿಮ್ಮ ಕಣ್ಣೆದುರೇ ಅಳಿಸಿಸಿ. ಬ್ಲರ್ ಇಲ್ಲದ ಒರಿಜಿನಲ್ ಸೋರುವುದು ಅಲ್ಲೇ.

ಕಾನೂನು ಅಂದರೆ, ಪೊಲೀಸ್ ದಾಳಿ, ಬಂಧನ, ರಕ್ಷಣೆಯ ಹೊತ್ತಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ಗುರುತು ಬಯಲಾಗುವ ಫೋಟೊ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿದೆ. ನಿಮ್ಮದು ಸಂದರ್ಶನ, ಅದಕ್ಕೂ ಇದು ಅನ್ವಯಿಸುತ್ತದಾ ಅಂತ ವಕೀಲರನ್ನು ಕೇಳಿ.

ಪ್ರಶ್ನೆ: ಸರಿ ಅಣ್ಣ. ಒಂದು ಅಳುವ ಸೀನ್ ನಮ್ಮದರಲ್ಲೂ ಇದೆ. ಅತ್ತವಳೇ ಅದು ಇರಲಿ ಅಂತಾಳೆ.

ಉತ್ತರ: ಅವಳೇ ಹೇಳಿದರೆ ಇಡಿ. ಶಹನಾಯಿ ಮಾತ್ರ ಬೇಡ.