ಎಳೆಯ ವಯಸ್ಸಿನ ಸೊಂಟದ ಕೀಲು: ಬಟ್ಟಲು ತಿರುಗಿಸುವುದೋ, ಕೀಲು ಬದಲಿಸುವುದೋ?

ಮಂಡ್ಯದ ತಾಯಿಯೊಬ್ಬರ ಕೋರಿಕೆ: 22 ವರ್ಷದ ನನ್ನ ಮಗಳಿಗೆ ಹುಟ್ಟಿನಿಂದಲೇ ಸೊಂಟದ ಕೀಲಿನ ಬಟ್ಟಲು ಆಳವಾಗಿಲ್ಲವೆಂದು ಈಗ ತಿಳಿದಿದೆ. ಒಬ್ಬ ವೈದ್ಯರು ಪಿಎಓ (ಬಟ್ಟಲಿನ ಸುತ್ತ ಮೂಳೆ ಕತ್ತರಿಸಿ ಅದನ್ನು ತಿರುಗಿಸಿ ಕೂರಿಸುವ ಶಸ್ತ್ರಚಿಕಿತ್ಸೆ) ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಆರ್ತ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಕೀಲಿನೊಳಗೆ ಮಾಡುವ ಚಿಕಿತ್ಸೆ) ಸಾಕೆನ್ನುತ್ತಾರೆ, ಮತ್ತೊಬ್ಬರು ನೋವು ತಡೆದುಕೊಂಡು ಮುಂದೆ ಕೀಲನ್ನೇ ಬದಲಿಸೋಣ ಎನ್ನುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ ಒಂದು ಉತ್ತರ:

ಅಮ್ಮಾ, ನನ್ನ ತಂಗಿಗೆ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಪಿಎಓ ಆಯಿತು. ಮೂವರು ವೈದ್ಯರ ಮಾತನ್ನು ತೂಗುವ ಮೊದಲು ಮಗಳ ಮೃದ್ವಸ್ಥಿ (ಕೀಲಿನ ಮೂಳೆಗಳ ಮೇಲಿನ ನುಣುಪು ಪದರ) ಎಷ್ಟು ಉಳಿದಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ, ಏಕೆಂದರೆ ವಯಸ್ಸಿಗಿಂತ ಹೆಚ್ಚಾಗಿ ದಾರಿ ತೀರ್ಮಾನವಾಗುವುದು ಅದರಿಂದ. ತೊಡೆಮೂಳೆಯ ತಲೆಯನ್ನು ಬಟ್ಟಲು ಎಷ್ಟು ಮುಚ್ಚಿದೆ ಎಂಬುದನ್ನು ಎಕ್ಸ್‌ರೇಯಲ್ಲಿ ಒಂದು ಕೋನದಿಂದ ಅಳೆಯುತ್ತಾರೆ. 25 ಡಿಗ್ರಿಗಿಂತ ಹೆಚ್ಚಿದ್ದರೆ ಸಾಮಾನ್ಯ, 20ಕ್ಕಿಂತ ಕಡಿಮೆಯಿದ್ದರೆ ಡಿಸ್‌ಪ್ಲೇಸಿಯಾ (ಬಟ್ಟಲು ಆಳವಿಲ್ಲದ ಸ್ಥಿತಿ), ನಡುವಿನದು ಗಡಿಯ ಸ್ಥಿತಿ.

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಮೂಳೆ ವೈದ್ಯ ರೈನ್‌ಹೋಲ್ಡ್ ಗಾಂಜ್ ಅವರು 1984ರಲ್ಲಿ ಆರಂಭಿಸಿದ ಈ ಪಿಎಓ ಶಸ್ತ್ರಚಿಕಿತ್ಸೆಯಲ್ಲಿ ಬಟ್ಟಲಿನ ಸುತ್ತ ಮೂಳೆಯನ್ನು ಕತ್ತರಿಸಿ, ಸರಿಯಾದ ದಿಕ್ಕಿಗೆ ತಿರುಗಿಸಿ, ಸ್ಕ್ರೂಗಳಿಂದ ಬಿಗಿಯುತ್ತಾರೆ. ಹಿಂಭಾಗದ ಮೂಳೆಯ ಕಂಬವನ್ನು ಹಾಗೆಯೇ ಉಳಿಸುವುದರಿಂದ ಸೊಂಟದ ಉಂಗುರ ಕಳಚುವುದಿಲ್ಲ. ಮಗಳ ಸ್ವಂತ ಕೀಲೇ ಉಳಿಯುವುದು ಇದರ ದೊಡ್ಡ ಲಾಭ. ಆದರೆ ಸವಕಳಿ ಮುಂದುವರಿದಿದ್ದರೆ ಫಲ ಕಡಿಮೆ, ಆದ್ದರಿಂದ ತಡಮಾಡುವುದಕ್ಕೂ ಬೆಲೆಯಿದೆ.

ಆರ್ತ್ರೋಸ್ಕೋಪಿಯ ಗಾಯ ಚಿಕ್ಕದೆಂದು ಮನಸ್ಸು ಅತ್ತ ಓಡುವುದು ಸಹಜ. ಬಟ್ಟಲಿನ ಹರಿದ ಅಂಚನ್ನು ಅದು ಸರಿಪಡಿಸಬಹುದು, ಆಳವಿಲ್ಲದ ಬಟ್ಟಲನ್ನು ಆಳ ಮಾಡಲಾರದು. ಡಿಸ್‌ಪ್ಲೇಸಿಯಾ ಸ್ಪಷ್ಟವಾಗಿರುವಾಗ ಅದೊಂದನ್ನೇ ಮಾಡಿದರೆ ಕೀಲು ಇನ್ನಷ್ಟು ಸಡಿಲವಾಗುವ ಅಪಾಯವೂ ಇದೆ.

ಚೇತರಿಕೆ ಮಾತ್ರ ಸುಲಭವಲ್ಲ. ಮೊದಲ ಆರೆಂಟು ವಾರ ಊರುಗೋಲಿನ ಮೇಲೆಯೇ ಓಡಾಟ, ಪೂರ್ತಿ ಭಾರ ಹಾಕುವಂತಿಲ್ಲ. ನಮ್ಮ ಮನೆಯಲ್ಲಿದ್ದದ್ದು ನೆಲಮಟ್ಟದ ಶೌಚಾಲಯ. ಕಮೋಡ್ ಕುರ್ಚಿಯನ್ನು ಮೊದಲೇ ತಂದಿಟ್ಟದ್ದರಿಂದ ಬಚಾವಾದೆವು. ಆಟೋ ಹತ್ತುವಾಗ ಅವಳು ಮೊದಲು ಸೀಟಿನ ಅಂಚಿಗೆ ಕುಳಿತು, ಆಮೇಲೆ ಎರಡೂ ಕೈಯಿಂದ ಆ ಕಾಲನ್ನು ಎತ್ತಿ ಒಳಗೆಳೆದುಕೊಳ್ಳುತ್ತಿದ್ದಳು. ತೊಡೆಯ ಹೊರಭಾಗದಲ್ಲಿ ಅಂಗೈಯಗಲ ಜೋಮು ಇಂದಿಗೂ ಇದೆ. ಅಲ್ಲಿಯ ಚರ್ಮದ ನರಕ್ಕೆ ಪೆಟ್ಟಾಗುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಅಪರೂಪವಲ್ಲವಂತೆ. ನೋವಿಲ್ಲದೆ ನಡೆಯುತ್ತಾಳೆ, ಅದೇ ನಮಗೆ ಸಾಕಾಗಿದೆ.

ಮದ್ದೂರಿನ ಕಡೆಯವರೊಬ್ಬರು:

ನನಗೆ ತಿಳಿಯುವ ಹೊತ್ತಿಗೆ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುತ್ತಿತ್ತು, ಹಾಗಾಗಿ ನಲವತ್ತರೊಳಗೇ ಕೀಲು ಬದಲಾವಣೆ ಮಾಡಿಸಿಕೊಂಡೆ. ನೋವು ಬೇಗ ಹೋಯಿತು, ನಿಜ. ಆದರೆ ಕುಕ್ಕರಗಾಲಲ್ಲಿ ಕೂರಬೇಡಿ ಎಂದಿದ್ದಾರೆ, ಕಬ್ಬಿನ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುವ ಕೆಲಸವನ್ನು ಆಳುಗಳಿಗೆ ಬಿಟ್ಟಿದ್ದೇನೆ. ಕೃತಕ ಕೀಲು ಸವೆದರೆ ಮುಂದೊಮ್ಮೆ ಮತ್ತೆ ಬಿಚ್ಚಬೇಕಾದೀತು, ಆ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟದ್ದು. 22ರ ಹುಡುಗಿಗೆ, ಸ್ವಂತ ಕೀಲು ಉಳಿಯುವಂತಿದ್ದರೆ, ನಾನಂತೂ ಇದನ್ನು ಹೇಳುವುದಿಲ್ಲ.

ಪಿಎಓ ಎಲ್ಲ ಮೂಳೆ ವೈದ್ಯರೂ ದಿನನಿತ್ಯ ಮಾಡುವ ಕೆಲಸವಲ್ಲ. ಎಷ್ಟು ಮಾಡಿದ್ದೀರಿ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ನಿಂತು ತೆಗೆಸಿದ ಎಕ್ಸ್‌ರೇ ಮತ್ತು ಎಂಆರ್‌ಐ, ಎರಡರ ಸಿಡಿಯನ್ನೂ ಜೊತೆಗೆ ಒಯ್ಯಿರಿ. ಬರೀ ವರದಿಯ ಕಾಗದ ನೋಡಿ ಕೋನ ಅಳೆಯಲು ಬರುವುದಿಲ್ಲ.